ಎಲೆಕ್ಟ್ರಿಕ್ ಬ್ಲೂಸ್: ಎಲ್ಲಿಂದ ಕೇಳೋಕೆ ಶುರು ಮಾಡೋದು?

(ಹಾಡು ಕೇಳುವ ಗೆಳೆಯರ ಒಂದು ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಮಾತಿನ ನಡುನಡುವೆ ಹಾಡುಗಳನ್ನು ಹಾಕಿ ಕೇಳಿಸಿದ್ದೆ. ಇಲ್ಲಿ ಹೆಸರುಗಳಷ್ಟೇ ಇವೆ. ಹುಡುಕಿ ಹಾಕಿಕೊಂಡು ಓದಿದರೆ ಒಳ್ಳೆಯದು.)

ಎಲ್ಲರಿಗೂ ನಮಸ್ಕಾರ.

ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಹಾಡು, ಅಂದ ತಕ್ಷಣ ನಮ್ಮಲ್ಲಿ ಬಹಳ ಜನ ನೇರ ಗಿಟಾರ್ ಸೋಲೋಗೆ, ಅಂದರೆ ಗಿಟಾರ್ ಒಂದೇ ಮುಂದೆ ನಿಂತು ನುಡಿಯುವ ಭಾಗಕ್ಕೆ, ಹೋಗಿಬಿಡುತ್ತಾರೆ. ಎರಿಕ್ ಕ್ಲ್ಯಾಪ್ಟನ್, ಸ್ಟೀವಿ ರೇ ವಾನ್, ಜೋ ಬೊನಮಾಸಾ. ಯೂಟ್ಯೂಬ್ ಕೂಡ ಅಲ್ಲಿಗೇ ತಳ್ಳುತ್ತದೆ. ಅವರೆಲ್ಲ ಚೆನ್ನಾಗಿ ನುಡಿಸುತ್ತಾರೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಅಲ್ಲಿಂದ ಶುರು ಮಾಡಿದವರು ಬೇಗ ಸುಸ್ತಾಗುತ್ತಾರೆ. ಹತ್ತು ಹತ್ತು ನಿಮಿಷದ ಸೋಲೋಗಳನ್ನು ಒಂದಾದ ಮೇಲೊಂದು ಕೇಳಿ, 'ಇದೇನು ಎಲ್ಲಾ ಒಂದೇ ಥರ ಇದೆಯಲ್ಲಪ್ಪಾ' ಅನ್ನಿಸಿ, ಸುಮ್ಮನಾಗುತ್ತಾರೆ.

ನಾನು ಹೇಳೋಕೆ ಬಂದಿರುವುದು ಇಷ್ಟೇ. 1950ರ ದಶಕದ ಶಿಕಾಗೋದಿಂದ ಶುರು ಮಾಡಿ. ಆಗಿನ ಹಾಡುಗಳು ಬಹುಪಾಲು ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತವೆ. ಕೇಳುವಾಗ ಸಣ್ಣ ಶಬ್ದಗಳ ಕಡೆ ಕಿವಿ ಕೊಡಿ. ಕರೆಂಟ್ ಬಂತು, ಬ್ಲೂಸ್ ಜೋರಾಯಿತು ಅಂತ ಎಲ್ಲರೂ ಹೇಳುತ್ತಾರೆ. ನಿಜ. ಆದರೆ ಜೋರಾಗಿದ್ದಕ್ಕಿಂತ ದೊಡ್ಡ ಸಂಗತಿ ಬೇರೆ ಇದೆ. ಒಂದು ಉಸಿರು, ಬೆರಳಿನ ಒಂದು ನಡುಕ, ತಂತಿಯನ್ನು ಕೂದಲೆಳೆಯಷ್ಟು ಎಳೆಯುವುದು, ಇವೆಲ್ಲ ಗಲಾಟೆ ತುಂಬಿದ ಬಾರಿನ ಕೊನೆಯ ಮೇಜಿಗೂ ಮುಟ್ಟೋಕೆ ಶುರುವಾಗಿದ್ದು ಆಂಪ್ಲಿಫೈಯರ್, ಅಂದರೆ ಕರೆಂಟಿನಿಂದ ಸದ್ದು ಜೋರು ಮಾಡುವ ಪೆಟ್ಟಿಗೆ, ಬಂದ ಮೇಲೆ.

ಸ್ವಲ್ಪ ಹಿಂದಿನ ಕಥೆ ಬೇಕು, ಬೇಗ ಮುಗಿಸುತ್ತೇನೆ. 1910ರ ಸುಮಾರಿನಿಂದ 1970ರವರೆಗೆ ಅಮೆರಿಕದ ದಕ್ಷಿಣದ ರಾಜ್ಯಗಳಿಂದ ಸುಮಾರು 60 ಲಕ್ಷ ಕಪ್ಪು ಜನ ಊರು ಬಿಟ್ಟು ಉತ್ತರದ, ಪಶ್ಚಿಮದ ನಗರಗಳಿಗೆ ಹೋದರು. ಒಂದು ಕಡೆ ಹತ್ತಿ ಹೊಲದ ಕೂಲಿ, ಸಾಲ, ಬಿಳಿಯರ ದೌರ್ಜನ್ಯ. ಇನ್ನೊಂದು ಕಡೆ ಉಕ್ಕಿನ ಕಾರ್ಖಾನೆ, ಕಸಾಯಿಖಾನೆಗಳ ಕೆಲಸ. ದಕ್ಷಿಣದ ಮಿಸಿಸಿಪ್ಪಿ ರಾಜ್ಯದವರಿಗೆ ಇಲಿನಾಯ್ ಸೆಂಟ್ರಲ್ ರೈಲು ಹತ್ತಿದರೆ ನೇರ ಶಿಕಾಗೋ. ಅವರ ಜೊತೆ ಅವರ ಹಾಡೂ ಹೋಯಿತು.

ಹೀಗೆ ಹೋದವರಲ್ಲಿ ಒಬ್ಬ ಮಕಿನ್ಲಿ ಮಾರ್ಗನ್‌ಫೀಲ್ಡ್. ಜಗತ್ತಿಗೆ ಗೊತ್ತಿರುವ ಹೆಸರು ಮಡ್ಡಿ ವಾಟರ್ಸ್. ಕ್ಲಾರ್ಕ್ಸ್‌ಡೇಲ್ ಊರಿನ ಹತ್ತಿರ ಸ್ಟೋವಲ್ ಅನ್ನುವವರ ಹತ್ತಿ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. 1941ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಪರವಾಗಿ ಜನಪದ ಹಾಡುಗಳನ್ನು ಸಂಗ್ರಹಿಸುತ್ತಾ ಬಂದ ಆಲನ್ ಲೊಮ್ಯಾಕ್ಸ್, ಆತನ ಗುಡಿಸಲಲ್ಲೇ ಆತನ ಹಾಡು ರೆಕಾರ್ಡ್ ಮಾಡಿಕೊಂಡ. ತನ್ನ ದನಿ ಗ್ರಾಮಫೋನ್ ತಟ್ಟೆಯಿಂದ ಹೊರಗೆ ಬರುವುದನ್ನು ಮಡ್ಡಿ ಆಗ ಮೊದಲ ಸಲ ಕೇಳಿದ್ದು. ಎರಡು ವರ್ಷಕ್ಕೆ, ಗಂಟೆಗೆ 22.5 ಸೆಂಟ್ ಇದ್ದ ಕೂಲಿಯನ್ನು 25 ಮಾಡಿ ಅಂತ ಕೇಳಿ, ಮೇಲ್ವಿಚಾರಕ ಆಗಲ್ಲ ಅಂದಿದ್ದಕ್ಕೆ, ರೈಲು ಹತ್ತಿದ.

ಶಿಕಾಗೋಗೆ ಹೋಗಿ ಕರೆಂಟ್ ಇಲ್ಲದ ಮರದ ಗಿಟಾರ್ ಹಿಡಿದು ಕೂತರೆ ಯಾರಿಗೂ ಕೇಳಿಸುತ್ತಿಲ್ಲ. ಅಲ್ಲಿನ ಕಪ್ಪು ಜನರ ಬಡಾವಣೆ ಸೌತ್ ಸೈಡ್‌ನ ಬಾರ್‌ಗಳು ಅಂದರೆ ಶನಿವಾರ ಸಂಬಳ ಕೈಗೆ ಬಂದವರ ಗದ್ದಲ. ಗ್ಲಾಸಿನ ಸದ್ದು, ಜಗಳ, ಕುಣಿತ. ಆಂಪ್ಲಿಫೈಯರ್ ಬಂದಿದ್ದು ಇದಕ್ಕೆ. ಇದರಲ್ಲಿ ಕಲೆ, ಪ್ರಯೋಗ ಅಂತೇನೂ ಇರಲಿಲ್ಲ, ಕೇಳಿಸಬೇಕಿತ್ತು ಅಷ್ಟೇ. ಭಾನುವಾರ ಮ್ಯಾಕ್ಸ್‌ವೆಲ್ ಸ್ಟ್ರೀಟ್ ಸಂತೆಯಲ್ಲಂತೂ ಹಾಡುವವರು ಪಕ್ಕದ ಮನೆಯವರಿಗೋ ಅಂಗಡಿಯವರಿಗೋ ನಾಲ್ಕು ಕಾಸು ಕೊಟ್ಟು, ಕಿಟಕಿಯಿಂದ ವೈರ್ ಎಳೆದುಕೊಂಡು ರಸ್ತೆ ಬದಿಯಲ್ಲೇ ನುಡಿಸುತ್ತಿದ್ದರು.

ಮೊದಲ ಹಾಡು: ಐ ಕಾಂಟ್ ಬಿ ಸ್ಯಾಟಿಸ್‌ಫೈಡ್, 1948. ಮಡ್ಡಿ, ಒಂದು ಎಲೆಕ್ಟ್ರಿಕ್ ಗಿಟಾರ್, ಬಿಗ್ ಕ್ರಾಫರ್ಡ್ ಎಂಬಾತನ ಬಾಸ್ (ತಗ್ಗು ಸ್ವರದ ದೊಡ್ಡ ತಂತಿವಾದ್ಯ), ಇಷ್ಟೇ. ಆಗ ಮಡ್ಡಿ ಕಿಟಕಿ ಪರದೆಗಳನ್ನು ಮನೆಮನೆಗೆ ಮುಟ್ಟಿಸುವ ಟ್ರಕ್ ಓಡಿಸುತ್ತಿದ್ದ. ತಟ್ಟೆ ಬಂದ ಒಂದೆರಡು ದಿನಕ್ಕೇ ಮೊದಲ ಪ್ರತಿಗಳೆಲ್ಲ ಖಾಲಿ. ಕೇಳುವಾಗ ಗಿಟಾರ್ ಮೇಲೆ ಗಮನ ಇಡಿ. ಬೆರಳಿಗೆ ಕೊಳವೆ ಸಿಕ್ಕಿಸಿಕೊಂಡು ತಂತಿಯ ಮೇಲೆ ಜಾರಿಸುವ ಹಳ್ಳಿಯ ಶೈಲಿಯೇ. ಆದರೆ ಜಾರುವ ಸ್ವರದ ಬಾಲ ಈಗ ಉದ್ದವಾಗಿದೆ. ಮರದ ಗಿಟಾರ್‌ನಲ್ಲಿ ಮೀಟಿದ ಸ್ವರ ಬೇಗ ಸತ್ತುಹೋಗುತ್ತದೆ. ಎಲೆಕ್ಟ್ರಿಕ್‌ನಲ್ಲಿ ಅದು ನಿಲ್ಲುತ್ತದೆ, ನಿಂತ ಸ್ವರವನ್ನು ಅಲ್ಲಾಡಿಸಬಹುದು, ಎಳೆಯಬಹುದು. ಮುಂದೆ ಬಂದ ಅರ್ಧ ಸಂಗೀತ ಈ ಒಂದು ಅನುಕೂಲದ ಮೇಲೆ ನಿಂತಿದೆ.

ಇನ್ನು ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟದ ಮನುಷ್ಯ: ಲಿಟಲ್ ವಾಲ್ಟರ್. ಗಿಟಾರ್‌ನವನಲ್ಲ, ಮೌತ್ ಆರ್ಗನ್‌ನವನು. ಲೂಸಿಯಾನಾದ ಹುಡುಗ, ಹದಿಹರೆಯದಲ್ಲೇ ಶಿಕಾಗೋಗೆ ಬಂದ, ಮಡ್ಡಿಯ ಬ್ಯಾಂಡ್ ಸೇರಿದ.

ಗಿಟಾರ್‌ಗಳಿಗೆಲ್ಲ ಕರೆಂಟ್ ಬಂದ ಮೇಲೆ ಮೌತ್ ಆರ್ಗನ್ ಪಾಪ ಮುಳುಗಿಹೋಗುತ್ತಿತ್ತು. ಸ್ಟ್ಯಾಂಡ್ ಮೇಲಿನ ಮೈಕ್ ಮುಂದೆ ನಿಂತು ಎಷ್ಟು ಊದಿದರೂ ಅಷ್ಟೇ. ವಾಲ್ಟರ್ ಒಂದು ಅಗ್ಗದ ಮೈಕನ್ನು ಮೌತ್ ಆರ್ಗನ್ ಜೊತೆಗೇ ಎರಡೂ ಅಂಗೈಯೊಳಗೆ ಮುಚ್ಚಿ ಹಿಡಿದ. ಗಾಳಿ ಆಚೀಚೆ ಹೋಗದಂತೆ ಬಿಗಿಯಾಗಿ. ಅದರ ವೈರನ್ನು ಗಿಟಾರ್ ಆಂಪ್ಲಿಫೈಯರ್‌ಗೆ ಸಿಕ್ಕಿಸಿದ. ಆಗಿನ ಆಂಪ್ಲಿಫೈಯರ್‌ಗಳೆಲ್ಲ ಹಳೇ ರೇಡಿಯೋಗಳ ಹಾಗೆ ವಾಲ್ವ್‌ನವು. ವಾಲ್ವ್ ತಡೆದುಕೊಳ್ಳುವುದಕ್ಕಿಂತ ಜಾಸ್ತಿ ಸಿಗ್ನಲ್ ನುಗ್ಗಿದರೆ ಅಲೆಯ ತುದಿಗಳು ಕತ್ತರಿಸಿಹೋಗಿ ಶಬ್ದ ಒಡೆಯುತ್ತದೆ, ಮೂಲ ಸ್ವರದಲ್ಲಿ ಇಲ್ಲದ ಹೊಸ ಸ್ವರಗಳು ಅದಕ್ಕೆ ಸೇರಿಕೊಳ್ಳುತ್ತವೆ. ಎಂಜಿನಿಯರ್‌ಗಳ ಲೆಕ್ಕದಲ್ಲಿ ಅದು ದೋಷ. ವಾಲ್ಟರ್‌ಗೆ ಅದೇ ಬೇಕಿತ್ತು. ಅಂಗೈಯಷ್ಟಿದ್ದ ವಾದ್ಯ ಸ್ಯಾಕ್ಸೊಫೋನ್‌ನಷ್ಟು ದಪ್ಪ ದನಿ ಪಡೆಯಿತು. ಅಂಗೈ ಸ್ವಲ್ಪ ಸಡಿಲ ಮಾಡಿದರೆ ಒಂದು ಬಣ್ಣ, ಬಿಗಿ ಮಾಡಿದರೆ ಇನ್ನೊಂದು.

1952ರ ಮೇ 12ರಂದು ಮಡ್ಡಿಯ ರೆಕಾರ್ಡಿಂಗ್‌ಗೆ ಹೋದಾಗ, ವೇದಿಕೆಯಲ್ಲಿ ಬ್ಯಾಂಡ್ ಸದಾ ನುಡಿಸುತ್ತಿದ್ದ ಒಂದು ಹಾಡಿಲ್ಲದ ತುಣುಕನ್ನು ವಾಲ್ಟರ್ ನುಡಿಸಿದ. ಅದಕ್ಕೆ 'ಜೂಕ್' ಅಂತ ಹೆಸರಿಟ್ಟು ಬಿಟ್ಟರು. ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ 8 ವಾರ ಮೊದಲ ಸ್ಥಾನ! ಅಲ್ಲಿಗೆ ವಾಲ್ಟರ್ ಮಡ್ಡಿಯ ಬ್ಯಾಂಡ್ ಬಿಟ್ಟು, ಇನ್ನೊಬ್ಬ ಮೌತ್ ಆರ್ಗನ್ ವಾದಕ ಜೂನಿಯರ್ ವೆಲ್ಸ್ ಜೊತೆ ನುಡಿಸುತ್ತಿದ್ದ ಹುಡುಗರನ್ನು ತನ್ನ ಕಡೆ ಮಾಡಿಕೊಂಡ. ಜೂನಿಯರ್ ವೆಲ್ಸ್ ಬಂದು ಮಡ್ಡಿಯ ಬ್ಯಾಂಡ್ ಸೇರಿದ. ಒಂಥರಾ ಅದಲು ಬದಲು.

'ಜೂಕ್' ಅನ್ನು ದಯವಿಟ್ಟು ಹೆಡ್‌ಫೋನ್‌ನಲ್ಲಿ ಕೇಳಿ. ಒಂದೊಂದು ಸಾಲು ಶುರುವಾಗುವ ಮುಂಚೆ ಆತ ಉಸಿರು ಕೂಡಿಸಿಕೊಳ್ಳುವುದನ್ನು ಗಮನಿಸಿ. ಸಾಲು ಮುಗಿದ ಮೇಲೆ ಎಷ್ಟು ಹೊತ್ತು ಸುಮ್ಮನಿರುತ್ತಾನೆ ನೋಡಿ. ಅಷ್ಟು ದೊಡ್ಡ ದನಿ ಸಿಕ್ಕಿದ ಹುಡುಗ, ಆಗ 22 ವರ್ಷ, ಎಲ್ಲಾ ಜಾಗ ತುಂಬಬೇಕು ಅಂತ ಹೊರಡಲಿಲ್ಲ. ದುಃಖದ ವಿಷಯ ಏನಂದ್ರೆ ಕುಡಿತ, ಜಗಳಗಳಲ್ಲೇ ಮೈ ಹಾಳು ಮಾಡಿಕೊಂಡು 1968ರಲ್ಲಿ 37ನೇ ವಯಸ್ಸಿಗೇ ಹೋಗಿಬಿಟ್ಟ.

ಈ ಖಾಲಿ ಜಾಗದ ಮಾತು ಬಂತಲ್ಲ, ಮಡ್ಡಿಯ 'ಹೂಚಿ ಕೂಚಿ ಮ್ಯಾನ್' ಕೇಳಿ, 1954ರದ್ದು. ಬರೆದದ್ದು ವಿಲ್ಲಿ ಡಿಕ್ಸನ್. ಹಿಂದೆ ಬಾಕ್ಸರ್ ಆಗಿದ್ದ ದಢೂತಿ ಮನುಷ್ಯ, ಬಾಸ್ ನುಡಿಸುತ್ತಿದ್ದ, ಶಿಕಾಗೋ ಬ್ಲೂಸ್‌ನ ದೊಡ್ಡ ದೊಡ್ಡ ಹಾಡುಗಳಲ್ಲಿ ಎಷ್ಟೋ ಆತನ ಕೈಯಿಂದಲೇ ಬಂದವು. ಕ್ಲಬ್ ಒಂದರ ಟಾಯ್ಲೆಟ್‌ನಲ್ಲಿ ಮಡ್ಡಿಯನ್ನು ನಿಲ್ಲಿಸಿಕೊಂಡು ಈ ಹಾಡು ಹೇಳಿಕೊಟ್ಟನಂತೆ, ಮಡ್ಡಿ ಆವತ್ತೇ ವೇದಿಕೆಯಲ್ಲಿ ಹಾಡಿಯೂ ಬಿಟ್ಟ. ಅದರಲ್ಲಿ ಇಡೀ ಬ್ಯಾಂಡ್ ಒಂದು ಸಣ್ಣ ಪೆಟ್ಟು ಕೊಟ್ಟು ನಿಂತುಬಿಡುತ್ತದೆ. ಮೌನ. ಆ ಮೌನದಲ್ಲಿ ಮಡ್ಡಿಯ ದನಿ. ಮತ್ತೆ ಪೆಟ್ಟು. ಆರು ಜನ ಇದ್ದಾರೆ, ಎಲ್ಲರ ಹತ್ತಿರವೂ ನುಡಿಸೋಕೆ ಏನೋ ಇದೆ, ಆದರೂ ಎಲ್ಲರೂ ಕಾಯುತ್ತಿದ್ದಾರೆ. ಇಂಥ ಶಿಸ್ತು ಈಗಿನ ಬ್ಲೂಸ್ ರಾಕ್ ಬ್ಯಾಂಡ್‌ಗಳಲ್ಲಿ ನನಗೆ ಕಾಣುವುದು ಅಪರೂಪ.

ಮಡ್ಡಿಗೆ ಸರಿಸಮ ಅಂದರೆ ಹೌಲಿನ್ ವುಲ್ಫ್. ನಿಜವಾದ ಹೆಸರು ಚೆಸ್ಟರ್ ಬರ್ನೆಟ್. ಆರು ಅಡಿಗೂ ಮೀರಿದ ಎತ್ತರ, ಅದಕ್ಕೆ ತಕ್ಕ ಗಾತ್ರ, ಜಲ್ಲಿ ಕಲ್ಲು ಉಜ್ಜಿದಂಥ ದನಿ. ಮೆಂಫಿಸ್‌ನಲ್ಲಿ ಸ್ಯಾಮ್ ಫಿಲಿಪ್ಸ್ 1951ರಲ್ಲಿ ಆತನನ್ನು ರೆಕಾರ್ಡ್ ಮಾಡಿದ. ಮುಂದೆ ರಾಕ್ ಅಂಡ್ ರೋಲ್ ಗಾಯಕ ಎಲ್ವಿಸ್ ಪ್ರೆಸ್ಲಿಯನ್ನು ಹೊರತಂದವನೂ ಇದೇ ಫಿಲಿಪ್ಸ್. ಆಮೇಲೆ ವುಲ್ಫ್ ಶಿಕಾಗೋಗೆ ಹೋದ, ಅದೂ ಎಲ್ಲರ ಹಾಗೆ ಬರಿಗೈಲಿ ರೈಲಿನಲ್ಲಲ್ಲ, ಜೇಬಲ್ಲಿ ದುಡ್ಡಿಟ್ಟುಕೊಂಡು ಸ್ವಂತ ಕಾರಿನಲ್ಲಿ. ಅದನ್ನು ಕೊನೆಯವರೆಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ದೊಡ್ಡವನಾದ ಮೇಲೆ ರಾತ್ರಿ ಶಾಲೆಗೆ ಹೋಗಿ ಓದು ಬರಹ ಕಲಿತ.

ಆತನ 'ಸ್ಮೋಕ್‌ಸ್ಟ್ಯಾಕ್ ಲೈಟ್ನಿಂಗ್', 1956, ನಮ್ಮ ಕಿವಿಗೆ ಸುಲಭವಾಗಿ ದಕ್ಕುತ್ತದೆ ಅನ್ನುವುದು ನನ್ನ ನಂಬಿಕೆ. ಯಾಕೆ ಅಂದ್ರೆ ಅದರಲ್ಲಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾಗುವುದೇ ಇಲ್ಲ. ಒಂದೇ ಆಧಾರದ ಮೇಲೆ ಹಾಡು ಪೂರ್ತಿ ಕೂತಿರುತ್ತದೆ, ಗಿಟಾರ್‌ನ ಒಂದು ಪುಟ್ಟ ಸುತ್ತು ತಿರುಗುತ್ತಲೇ ಇರುತ್ತದೆ, ಮೇಲೆ ವುಲ್ಫ್ ಊಳಿಡುತ್ತಾನೆ. ಶ್ರುತಿ ಹಿಡಿದು ಕೇಳಿ ಅಭ್ಯಾಸ ಇರುವವರಿಗೆ ಏನೂ ಕಷ್ಟ ಇಲ್ಲ.

ಆತನ ಬ್ಯಾಂಡ್‌ನ ಗಿಟಾರಿಸ್ಟ್ ಹ್ಯೂಬರ್ಟ್ ಸಮ್ಲಿನ್ ಒಂದು ಪ್ರಸಂಗ ಹೇಳುತ್ತಿದ್ದ. ಶುರುವಿನಲ್ಲಿ ಸಮ್ಲಿನ್ ವುಲ್ಫ್‌ನ ಹಾಡಿನ ಮೇಲೆಲ್ಲ ಹರಿದಾಡುವಂತೆ ಜೋರಾಗಿ, ವೇಗವಾಗಿ ನುಡಿಸುತ್ತಿದ್ದ. ವುಲ್ಫ್‌ಗೆ ಸಿಟ್ಟು ಬಂದು ಮನೆಗೆ ಕಳಿಸಿಬಿಟ್ಟ, ಮೀಟೋ ಪಿಕ್ ಬಿಸಾಕಿ ಬರೀ ಬೆರಳಲ್ಲಿ ನುಡಿಸೋದು ಕಲಿತು ಬಾ ಅಂತ. ಬೆರಳಿಗೆ ಬಂದ ಮೇಲೆ ವೇಗ ತಗ್ಗಿತು. ಒಂದೊಂದು ಸ್ವರಕ್ಕೂ ಒಂದೊಂದು ಮುಖ ಬಂತು. 1964ರ 'ಕಿಲ್ಲಿಂಗ್ ಫ್ಲೋರ್' ಕೇಳಿ. ಗಿಟಾರ್ ಎಲ್ಲಿ ಬರುತ್ತದೆ, ಎಲ್ಲಿ ಸರಿದು ನಿಲ್ಲುತ್ತದೆ ಅನ್ನೋದನ್ನಷ್ಟೇ ಹಿಂಬಾಲಿಸಿ. ಬೇರೆ ಪಾಠ ಬೇಡ.

ಮಡ್ಡಿ, ವಾಲ್ಟರ್, ವುಲ್ಫ್ ಮೂವರೂ ಚೆಸ್ ರೆಕಾರ್ಡ್ಸ್‌ನವರು. ಪೋಲೆಂಡಿನಿಂದ ಬಂದ ಯಹೂದಿ ಅಣ್ಣತಮ್ಮ ಲೆನರ್ಡ್ ಮತ್ತು ಫಿಲ್ ಚೆಸ್ ನಡೆಸುತ್ತಿದ್ದ ಕಂಪನಿ. 2120 ಸೌತ್ ಮಿಷಿಗನ್ ಅವೆನ್ಯೂದಲ್ಲಿದ್ದ ಅವರ ಸ್ಟುಡಿಯೋ ಕಟ್ಟಡದಲ್ಲಿ ಈಗ ವಿಲ್ಲಿ ಡಿಕ್ಸನ್ ಹೆಸರಿನಲ್ಲಿ ಆತನ ಕುಟುಂಬದವರ ಪ್ರತಿಷ್ಠಾನ ಇದೆ. ರಾಯಲ್ಟಿ ವಿಚಾರದಲ್ಲಿ ಹಾಡಿದವರಿಗೂ ಕಂಪನಿಗೂ ನಡೆದ ಜಗಳಗಳದ್ದೇ ಒಂದು ಬೇರೆ ಉಪನ್ಯಾಸ ಆಗುತ್ತದೆ, ಇವತ್ತು ಬೇಡ.

ಹೆಂಗಸರ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಬ್ಲೂಸ್ ಪಟ್ಟಿಗಳಲ್ಲಿ ಅವರನ್ನು ಕೊನೆಗೆ ಉಪ್ಪಿನಕಾಯಿ ಥರ ಬಡಿಸುತ್ತಾರೆ. ಮಡ್ಡಿ ಶಿಕಾಗೋಗೆ ಕಾಲಿಡುವ ಮುಂಚೆಯೇ ಅಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದಿದ್ದವಳು ಮೆಂಫಿಸ್ ಮಿನ್ನಿ. 1942ರ ಡಿಸೆಂಬರ್ 31ರ ರಾತ್ರಿ ಆಕೆ ನುಡಿಸಿದ್ದನ್ನು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಕೇಳಿ, 'ಶಿಕಾಗೋ ಡಿಫೆಂಡರ್' ಪತ್ರಿಕೆಯಲ್ಲಿ ಬರೆದ. ವೆಲ್ಡಿಂಗ್ ಮಷೀನು, ಉಕ್ಕಿನ ಗಿರಣಿ ಎರಡೂ ಸೇರಿ ಸಂಗೀತ ಆದ ಹಾಗಿತ್ತು ಅನ್ನುತ್ತಾನೆ. ಅಂದರೆ ಕೇಳುವವರು ಹಗಲೆಲ್ಲ ಕೆಲಸ ಮಾಡುವ ಜಾಗದ ಸದ್ದನ್ನೇ ಆತ ಆ ಗಿಟಾರ್‌ನಲ್ಲಿ ಕೇಳಿದ. ಬಿಗ್ ಮಾಮಾ ಥಾರ್ನ್‌ಟನ್ 'ಹೌಂಡ್ ಡಾಗ್' ರೆಕಾರ್ಡ್ ಮಾಡಿದ್ದು 1952ರಲ್ಲಿ, ಎಲ್ವಿಸ್‌ಗಿಂತ ಸುಮಾರು ನಾಲ್ಕು ವರ್ಷ ಮೊದಲು. 1953ರಲ್ಲಿ ಅದೇ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ 7 ವಾರ ಮೊದಲ ಸ್ಥಾನದಲ್ಲಿತ್ತು. ತನಗೆ ಸಿಕ್ಕಿದ್ದು 500 ಡಾಲರಿನ ಒಂದು ಚೆಕ್ ಅಷ್ಟೇ ಅಂತ ಆಕೆ ಹೇಳಿಕೊಂಡಿದ್ದಾಳೆ. ಆಕೆಯದನ್ನೂ ಎಲ್ವಿಸ್ ಹಾಡಿದ್ದನ್ನೂ ಒಂದರ ಹಿಂದೆ ಒಂದು ಕೇಳಿ, ಯಾವುದರಲ್ಲಿ ಜೀವ ಇದೆ ಅಂತ ನಿಮಗೇ ಗೊತ್ತಾಗುತ್ತದೆ. ಕೋಕೋ ಟೇಲರ್‌ಳ 'ವ್ಯಾಂಗ್ ಡ್ಯಾಂಗ್ ಡೂಡಲ್' ಕೂಡ ಹಾಕಿಕೊಳ್ಳಿ. ಮನೆಗೆಲಸ ಮಾಡಿಕೊಂಡಿದ್ದ ಹೆಂಗಸು. ಆ ಗಂಟಲಿಗೆ ಆಂಪ್ಲಿಫೈಯರ್ ಬೇಕಿತ್ತಾ ಅನ್ನೋದೇ ಡೌಟು.

ಶಿಕಾಗೋ ಬಿಟ್ಟು ಸ್ವಲ್ಪ ಆಚೆ ಹೋಗೋಣ. ಟೆಕ್ಸಾಸ್‌ನ ಟಿ-ಬೋನ್ ವಾಕರ್ 1947ರಲ್ಲಿ 'ಕಾಲ್ ಇಟ್ ಸ್ಟಾರ್ಮಿ ಮಂಡೇ' ಹಾಡಿದ. ಗರಿಗರಿ ಸೂಟು, ತಲೆಯ ಹಿಂದೆ ಗಿಟಾರ್ ಇಟ್ಟುಕೊಂಡು ನುಡಿಸುವ ಚಮತ್ಕಾರ, ಎಲ್ಲಾ ಇತ್ತು. ಆದರೆ ಆ ಹಾಡಿನಲ್ಲಿ ಗಿಟಾರ್ ಎಷ್ಟು ಮೆತ್ತಗೆ ಮಾತಾಡುತ್ತದೆ! ಅದನ್ನು ಕೇಳಿಯೇ ತನಗೂ ಎಲೆಕ್ಟ್ರಿಕ್ ಗಿಟಾರ್ ಬೇಕು ಅನ್ನಿಸಿತು ಅಂತ ಬಿ.ಬಿ. ಕಿಂಗ್ ಹೇಳುತ್ತಿದ್ದ.

ಬಿ.ಬಿ. ಕಿಂಗ್ ಹೆಸರು ನಿಮಗೆಲ್ಲ ಗೊತ್ತು. ಗಿಟಾರ್‌ಗೆ ಲೂಸಿಲ್ ಅಂತ ಹೆಸರಿಟ್ಟ ಕಥೆಯೂ ಗೊತ್ತಿರಬಹುದು. 1949ರಲ್ಲಿ ಆರ್ಕನ್ಸಾದ ಟ್ವಿಸ್ಟ್ ಅನ್ನುವ ಊರಿನಲ್ಲಿ ಕುಣಿತದ ಹಾಲ್‌ನಲ್ಲಿ ಇಬ್ಬರು ಹೊಡೆದಾಡಿ, ಚಳಿ ಕಾಯಿಸಿಕೊಳ್ಳೋಕೆ ಉರಿಸಿಟ್ಟಿದ್ದ ಸೀಮೆಎಣ್ಣೆ ಉರುಳಿ ಬೆಂಕಿ ಹತ್ತಿತು. ಹೊರಗೆ ಓಡಿದ್ದ ಬಿ.ಬಿ. ಗಿಟಾರ್ ತರೋಕೆ ಮತ್ತೆ ಒಳಗೆ ನುಗ್ಗಿದ. ಜಗಳ ಆಗಿದ್ದು ಲೂಸಿಲ್ ಎಂಬ ಹೆಂಗಸಿನ ವಿಷಯಕ್ಕೆ ಅಂತ ಆಮೇಲೆ ಗೊತ್ತಾಯಿತು.

ಆತ ಹಾಡುವಾಗ ಗಿಟಾರ್ ನುಡಿಸುವುದಿಲ್ಲ. ನುಡಿಸುವಾಗ ಹಾಡುವುದಿಲ್ಲ. ಒಂದು ಸಾಲು ಬಾಯಿ ಹೇಳುತ್ತದೆ, ಮುಂದಿನದು ಗಿಟಾರ್. ಬೆರಳನ್ನು ತಂತಿ ಮೇಲೆ ಒತ್ತಿ ಮಣಿಕಟ್ಟನ್ನು ಚಿಟ್ಟೆ ರೆಕ್ಕೆಯ ಹಾಗೆ ಅದುರಿಸುತ್ತಾನೆ, ವಿಡಿಯೋದಲ್ಲಿ ಆ ಎಡಗೈಯನ್ನೇ ನೋಡಿ. ವೀಣೆಯಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತರುತ್ತಾರಲ್ಲ, ಇಲ್ಲೂ ತಂತಿಯನ್ನು ಎಳೆದೇ ಸ್ವರಗಳ ನಡುವಿನ ಜಾಗಕ್ಕೆ ಹೋಗುವುದು. 1964ರ ನವೆಂಬರ್‌ನಲ್ಲಿ ಶಿಕಾಗೋದ ರೀಗಲ್ ಥಿಯೇಟರ್‌ನಲ್ಲಿ ರೆಕಾರ್ಡ್ ಆದ 'ಲೈವ್ ಅಟ್ ದಿ ರೀಗಲ್' ಅವನ ಎಲ್ಲ ಆಲ್ಬಮ್‌ಗಳಲ್ಲಿ ನನಗೆ ಮೊದಲು. ಅಲ್ಲಿ ಸಭಿಕರೂ ಬ್ಯಾಂಡ್‌ನ ಒಂದು ಭಾಗ. ಹೆಂಗಸರ ಕಿರುಚಾಟ ಎಲ್ಲಿ ಏಳುತ್ತದೆ ಗಮನಿಸಿ. ಸಂಸಾರದ ಜಗಳದ ಸಾಲುಗಳಿಗೆ, ಒಂದೇ ಒಂದು ಉದ್ದ ಸ್ವರಕ್ಕೆ. ವೇಗಕ್ಕಲ್ಲ.

ಇನ್ನೊಬ್ಬ ಗಿಟಾರಿಸ್ಟ್ ಆಲ್ಬರ್ಟ್ ಕಿಂಗ್ ಎಡಚ. ಬಲಗೈಯವರ ಥರ ತಂತಿ ಕಟ್ಟಿದ ಗಿಟಾರನ್ನೇ ತಿರುಗಿಸಿ ಹಿಡಿದು ನುಡಿಸುತ್ತಿದ್ದ. ಹಾಗಾಗಿ ಬೇರೆಯವರು ಮೇಲಕ್ಕೆ ತಳ್ಳುವ ತಂತಿಯನ್ನು ಈತ ಕೆಳಕ್ಕೆ ಎಳೆಯುತ್ತಿದ್ದ. ಎಳೆತಕ್ಕೆ ಬಲ ಜಾಸ್ತಿ. 1967ರ 'ಬಾರ್ನ್ ಅಂಡರ್ ಎ ಬ್ಯಾಡ್ ಸೈನ್' ಆಲ್ಬಮ್‌ನಲ್ಲಿ ಸ್ವರಗಳು ಕಿತ್ತುಬರುವ ಹಾಗೆ ಕೇಳಿಸುವುದು ಅದಕ್ಕೇ. ಫ್ರೆಡ್ಡಿ ಕಿಂಗ್, ಎಲ್ಮೋರ್ ಜೇಮ್ಸ್, ಓಟಿಸ್ ರಶ್, ಮ್ಯಾಜಿಕ್ ಸ್ಯಾಮ್, ಡೆಟ್ರಾಯಿಟ್‌ನಲ್ಲಿ ಒಬ್ಬನೇ ಕೂತು ಕಾಲಲ್ಲೇ ತಾಳ ಹಾಕಿಕೊಂಡು 'ಬೂಗಿ ಚಿಲ್ಲೆನ್' ಹಾಡಿದ ಜಾನ್ ಲೀ ಹೂಕರ್, ಇವರೆಲ್ಲ ಒಬ್ಬೊಬ್ಬರೂ ಒಂದು ಸಂಜೆಗೆ ಆಗುವಷ್ಟಿದ್ದಾರೆ.

ಒಂದು ಆಲ್ಬಮ್ ಬಗ್ಗೆ ಮಾತ್ರ ನಿಂತು ಹೇಳಬೇಕು. ಜೂನಿಯರ್ ವೆಲ್ಸ್‌ನ 'ಹೂಡೂ ಮ್ಯಾನ್ ಬ್ಲೂಸ್', 1965. ಗಿಟಾರ್ ನುಡಿಸಿದ್ದು ಬಡ್ಡಿ ಗಯ್. ಚೆಸ್ ಜೊತೆ ಒಪ್ಪಂದ ಇದೆ ಅಂತ ಶುರುವಿನಲ್ಲಿ ಆತನ ಹೆಸರು ಹಾಕದೆ 'ಫ್ರೆಂಡ್ಲಿ ಚಾಪ್' ಅಂತ ಅಚ್ಚು ಹಾಕಿದ್ದರು. ರೆಕಾರ್ಡಿಂಗ್ ನಡುವೆ ಬಡ್ಡಿಯ ಆಂಪ್ಲಿಫೈಯರ್ ಕೆಟ್ಟುಹೋಯಿತು. ರಿಪೇರಿ ಆಗುವವರೆಗೆ ಗಿಟಾರನ್ನು ಆರ್ಗನ್ ಎಂಬ ಕೀಬೋರ್ಡ್ ವಾದ್ಯದ ಲೆಸ್ಲಿ ಸ್ಪೀಕರ್‌ಗೆ ಸಿಕ್ಕಿಸಿದರು. ಒಳಗೆ ತಿರುಗುವ ಸ್ಪೀಕರ್ ಅದು, ಹಾಗಾಗಿ ಕೆಲವು ಹಾಡುಗಳಲ್ಲಿ ಗಿಟಾರ್ ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಎಲೆಕ್ಟ್ರಿಕ್ ಬ್ಲೂಸ್ ಅಂದರೆ ಗಲಾಟೆ ಅನ್ನುವವರಿಗೆ ನಾನು ಕೊಡುವ ಮೊದಲ ಆಲ್ಬಮ್ ಇದೇ. ರಾತ್ರಿ ಹೊತ್ತು ಬಾರ್ ಅರ್ಧ ಖಾಲಿಯಾದ ಮೇಲೆ ನಾಲ್ಕು ಜನ ಪಿಸುಮಾತಿನಲ್ಲಿ ನುಡಿಸುತ್ತಿರುವ ಹಾಗಿದೆ. ಇದೇ ಬಡ್ಡಿ ಗಯ್ ವೇದಿಕೆಯಲ್ಲಿ ಬೇರೆಯೇ ಮನುಷ್ಯ, ಮಾರುದ್ದದ ವೈರ್ ಎಳೆದುಕೊಂಡು ನುಡಿಸುತ್ತಲೇ ಜನರ ನಡುವೆ ಹೋಗಿ ರಸ್ತೆಗೂ ಇಳಿಯುತ್ತಿದ್ದ. 2011ರಲ್ಲಿ ಮುಂಬೈನ ಮೆಹಬೂಬ್ ಸ್ಟುಡಿಯೋದಲ್ಲಿ ಮಹೀಂದ್ರ ಬ್ಲೂಸ್ ಉತ್ಸವ ಶುರುವಾದ ವರ್ಷ ಇಲ್ಲಿಗೂ ಬಂದಿದ್ದ. ನಮ್ಮ ದೇಶದವರದ್ದೇ ಬೇಕು ಅಂದರೆ ಶಿಲ್ಲಾಂಗ್‌ನ ಸೋಲ್‌ಮೇಟ್ ಬ್ಯಾಂಡ್ ಕೇಳಿ, ರೂಡಿ ವಾಲಾಂಗ್‌ನ ಗಿಟಾರ್, ಟಿಪ್ರಿಟಿಯ ದನಿ.

ಕೊನೆಗೆ ಪ್ರಶ್ನೆಗಳು ಬಂದವು. ಕೆಲವನ್ನು ಇಲ್ಲಿ ಹಾಕುತ್ತಿದ್ದೇನೆ.

ಎಲ್ಲಾ ಹಾಡಿನ ಧಾಟಿಯೂ ಒಂದೇ ಅಲ್ವಾ ಅಂತ ಒಬ್ಬರು ಕೇಳಿದರು. ಚೌಕಟ್ಟು ಬಹುತೇಕ ಒಂದೇ, ಹೌದು. ಹನ್ನೆರಡು ಬಾರ್‌ಗಳ ಒಂದು ಸುತ್ತು (ಇಲ್ಲಿ ಬಾರ್ ಅಂದರೆ ಹೆಂಡದ ಅಂಗಡಿಯಲ್ಲ, ನಾಲ್ಕೆಣಿಕೆಯ ತಾಳದ ಒಂದು ಅಳತೆ). ನಾಲ್ಕು ನಾಲ್ಕರ ಮೂರು ಭಾಗ. ಮೊದಲ ಭಾಗದಲ್ಲಿ ಒಂದು ಸಾಲು ಹಾಡುತ್ತಾರೆ, ಎರಡನೆಯದರಲ್ಲಿ ಅದೇ ಸಾಲು ಮತ್ತೆ, ಮೂರನೆಯದರಲ್ಲಿ ಅದಕ್ಕೆ ಉತ್ತರ. ಪ್ರತಿ ಭಾಗದಲ್ಲೂ ಸುಮಾರು ಅರ್ಧ ಮಾತ್ರ ಹಾಡು, ಉಳಿದ ಅರ್ಧ ಖಾಲಿ, ಅಲ್ಲಿ ಗಿಟಾರೋ ಮೌತ್ ಆರ್ಗನ್ನೋ ಪಿಯಾನೋನೋ ಪ್ರತಿಕ್ರಿಯೆ ಕೊಡುತ್ತದೆ. ಇದನ್ನು ಒಮ್ಮೆ ಬೆರಳಲ್ಲಿ ಎಣಿಸಿಕೊಂಡು ಕೇಳಿ. ಚೌಕಟ್ಟು ಗೊತ್ತಾದ ಮೇಲೆ ಅದರ ಮೇಲಿನ ಗಮನ ತಾನಾಗಿ ಬಿಟ್ಟುಹೋಗುತ್ತದೆ, ಆ ಖಾಲಿ ಅರ್ಧದಲ್ಲಿ ಯಾರು ಏನು ಮಾಡುತ್ತಿದ್ದಾರೆ ಅನ್ನೋದು ಕೇಳೋಕೆ ಶುರುವಾಗುತ್ತದೆ.

ಬ್ರಿಟನ್‌ನವರನ್ನು ಬಿಟ್ಟೇಬಿಟ್ರಲ್ಲ ಅಂತ ಇನ್ನೊಬ್ಬರದು ಆಕ್ಷೇಪ. ಬಿಟ್ಟಿಲ್ಲ, ಆಮೇಲೆ ಕೇಳಿ ಅನ್ನುತ್ತಿದ್ದೇನೆ. 1958ರಲ್ಲಿ ಮಡ್ಡಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಇಂಗ್ಲೆಂಡಿಗೆ ಹೋದಾಗ ಹಳ್ಳಿಹಾಡು ಕೇಳೋಕೆ ಬಂದಿದ್ದ ಕೆಲವರು ಆ ಸದ್ದಿಗೆ ಬೆಚ್ಚಿಬಿದ್ದರು. ಅದನ್ನು ನೆನಪಿಟ್ಟು 1963ರಲ್ಲಿ ಮರದ ಗಿಟಾರ್ ತೆಗೆದುಕೊಂಡು ಹೋದರೆ, ಅಷ್ಟರಲ್ಲಿ ಅಲ್ಲಿನ ಹುಡುಗರಿಗೆ ಎಲೆಕ್ಟ್ರಿಕ್ಕೇ ಬೇಕಾಗಿತ್ತು! ಆ ಹುಡುಗರಲ್ಲಿ ಕೆಲವರು ಮಡ್ಡಿಯ 1950ರ ಹಾಡಿನ ಹೆಸರನ್ನೇ ಬ್ಯಾಂಡಿಗೆ ಇಟ್ಟುಕೊಂಡಿದ್ದರು, ರೋಲಿಂಗ್ ಸ್ಟೋನ್ಸ್. 1965ರಲ್ಲಿ ಅಮೆರಿಕದ ಟೀವಿಗೆ ಕರೆದಾಗ ಹೌಲಿನ್ ವುಲ್ಫ್‌ನನ್ನೂ ಕರೆಸಲೇಬೇಕು ಅಂತ ಹಟ ಹಿಡಿದು, ಆತ ಹಾಡುವಾಗ ಕಾಲ ಬುಡದಲ್ಲಿ ಕೂತು ಕೇಳಿದರು. ಬ್ರಿಟನ್‌ನವರಲ್ಲಿ ನನಗೆ ಗಿಟಾರಿಸ್ಟ್ ಪೀಟರ್ ಗ್ರೀನ್ ಇಷ್ಟ, ಕಡಿಮೆ ನುಡಿಸುತ್ತಾನೆ ಅನ್ನುವ ಕಾರಣಕ್ಕೇ.

ಈಗಿನವರು ಯಾರಿದ್ದಾರೆ ಅಂತಲೂ ಕೇಳಿದರು. ಮಡ್ಡಿಯ ಊರಿನ ಕಡೆಯ ಕ್ಲಾರ್ಕ್ಸ್‌ಡೇಲ್‌ನಲ್ಲೇ 1999ರಲ್ಲಿ ಹುಟ್ಟಿದ ಕ್ರಿಸ್ಟೋನ್ 'ಕಿಂಗ್‌ಫಿಶ್' ಇಂಗ್ರಾಮ್ ಇದ್ದಾನೆ. ಅವನ '662' ಆಲ್ಬಮ್‌ಗೆ ಗ್ರ್ಯಾಮಿ ಬಂದಿದೆ. ಊರಿನ ಫೋನ್ ಕೋಡ್ ಅದು. ಸೋಲೋ ಸ್ವಲ್ಪ ಉದ್ದ ಎಳೆಯುತ್ತಾನೆ, ದನಿ ಮಾತ್ರ ಬಹಳ ಚೆನ್ನಾಗಿದೆ. ಶಮೀಕಿಯಾ ಕೋಪ್‌ಲ್ಯಾಂಡ್ ಹಾಡುವುದನ್ನೂ ಕೇಳಿ.

ಹಿಂದಿನ ಸಾಲಿನಿಂದ ಬಂದ ಕೊನೆಯ ಪ್ರಶ್ನೆ: ಇದಕ್ಕೆಲ್ಲ ದುಬಾರಿ ಸ್ಪೀಕರ್ ಬೇಕಾ? ಬೇಡ. 50ರ ದಶಕದ ಚೆಸ್ ರೆಕಾರ್ಡಿಂಗ್‌ಗಳು ಮೋನೋ, ಅಂದರೆ ಎಡ ಬಲ ಅಂತ ಬೇರೆ ಮಾಡದೆ ಎಲ್ಲಾ ಸದ್ದು ಒಟ್ಟಿಗೇ ಇರುವಂಥವು. ಬಾರ್‌ಗಳ ಜೂಕ್‌ಬಾಕ್ಸ್‌ನಲ್ಲೂ ಮನೆಯ ಸಣ್ಣ ರೇಡಿಯೋದಲ್ಲೂ ಹಾಡುತ್ತಿದ್ದಂಥವು. ಒಂದು ಮಾಮೂಲಿ ಬ್ಲೂಟೂತ್ ಸ್ಪೀಕರ್ ಸಾಕು. ಎಲ್ಲೋ ಅದೇ ಸದ್ದನ್ನು ಕೃತಕವಾಗಿ ಎಡಕ್ಕೂ ಬಲಕ್ಕೂ ಒಡೆದಿರುವ ಸುಳ್ಳು ಸ್ಟೀರಿಯೋ ಪ್ರತಿ ಸಿಕ್ಕಿದರೆ ಬಿಟ್ಟು ಮೋನೋದ್ದು ಹುಡುಕಿ. 1958ರ 'ದಿ ಬೆಸ್ಟ್ ಆಫ್ ಮಡ್ಡಿ ವಾಟರ್ಸ್', ಅದೇ ವರ್ಷದ 'ದಿ ಬೆಸ್ಟ್ ಆಫ್ ಲಿಟಲ್ ವಾಲ್ಟರ್', ಮುಖಪುಟದ ಮೇಲೆ ತೂಗುಕುರ್ಚಿ ಇರುವ ಹೌಲಿನ್ ವುಲ್ಫ್‌ನ 1962ರ ಆಲ್ಬಮ್, ಈ ಮೂರರಿಂದ ಶುರು ಮಾಡಿದರೆ ಸಾಕು. ಮಡ್ಡಿಯ ಹೆಸರಿನಲ್ಲಿ 1968ರ 'ಎಲೆಕ್ಟ್ರಿಕ್ ಮಡ್' ಅಂತ ಒಂದು ಸಿಗುತ್ತದೆ, ಗಿಟಾರ್ ಸದ್ದು ಬದಲಿಸುವ ಪೆಡಲ್‌ಗಳು, ಕರ್ಕಶ ಗಿಟಾರ್ ಎಲ್ಲಾ ತುಂಬಿದ್ದು. ಅದು ಸ್ವತಃ ಮಡ್ಡಿಗೇ ಇಷ್ಟ ಇರಲಿಲ್ಲ. ಕುತೂಹಲಕ್ಕೆ ಬೇಕಾದರೆ ಕೇಳಿ, ಈ ಮೂರು ಆದ ಮೇಲೆ.